ಕೆಸುವಿನೆಲೆಯ ಮೇಲಿನ ಹನಿ

"ಆ ಡಬ್ಬಿ ಹೊರಗ ಇಟ್ಟು ಬಾರಲೇ ಮಾರ್ತಾಂಡ. ನಿನ್ನ ಮುಂದ ಕುಂದ್ರಾಕ ಈ ಊರಾಗ ಒಬ್ಬ ಮನುಷ್ಯಾನೂ ತಯಾರಿಲ್ಲಂತನ ಹೋಗಿ ಹುಳದ ಮುಂದ ಕುಂದರ್ತಿ. ಇಲ್ಲಿ ಹುಳ ಇಲ್ಲಪಾ, ಮಂದಿ ಅದಾರ."

ಗಿರಣಿ ಶಂಕ್ರೆಪ್ಪ ಇದನ್ನು ಹೇಳಿದ್ದು ತನ್ನ ಮಗಳ ಮದುವೆಯ ಚಪ್ಪರದಲ್ಲಿ, ಮುನ್ನೂರು ಜನರ ಎದುರು. ನಾನೇನೂ ಊಟಕ್ಕೆ ಹೋಗಿರಲಿಲ್ಲ. ಅಡುಗೆಯವರ ನಲ್ಲಿಗೆ ನೀರು ಬರುತ್ತಿಲ್ಲ ಎಂದು ಅವನೇ ಹೇಳಿ ಕಳಿಸಿದ್ದ. ಊರಿಗೆ ನೀರು ಬಿಡುವವನು ನಾನು. ಕೈಯಲ್ಲಿ ವಾಲ್ವ್ ತಿರುವುವ ಉದ್ದನೆಯ ಕಬ್ಬಿಣದ ಚಾವಿ ಇತ್ತು, ಕೊರಳಲ್ಲಿ ಎಂದಿನಂತೆ ಕ್ಯಾಮೆರಾ ಇತ್ತು. ಜನ ನಕ್ಕರು. ಹಿಂದೆ ಯಾರೋ ಜೀರುಂಡೆಯ ಹಾಗೆ ಜೀರ್ ಎಂದು ಕೂಗಿದ, ಅದಕ್ಕೆ ಇನ್ನೂ ಜೋರಾಗಿ ನಕ್ಕರು. ನನ್ನ ಕಿವಿ ಕಾದ ಹಂಚಿನಂತಾಯಿತು. ಹೊರಗೆ ಹೋಗಿ ಕ್ಯಾಮೆರಾವನ್ನು ಕಲ್ಲಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟೆ. ನೀರು ಸರಿಮಾಡಿದೆ. ಆಮೇಲೆ ವಾಲ್ವನ್ನು ಅರ್ಧ ಸುತ್ತು ಹಿಂದಕ್ಕೆ ತಿರುವಿದೆ. ಪಾತ್ರೆ ತೊಳೆಯುವವರು ಸಂಜೆಯವರೆಗೂ ಶಂಕ್ರೆಪ್ಪನಿಗೆ ಬೈದರಂತೆ. ನನ್ನ ಕೈಲಾಗುವ ಸೇಡು ಅಷ್ಟೇ.

ಅಷ್ಟರಲ್ಲಿ ಫೋಟೋದ ಗಂಟೆ ಹೊಡೆದರು. ಮುನ್ನೂರು ಜನರೂ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ಗಂಡಸರು ಟವೆಲ್ಲನ್ನು, ಹೆಂಗಸರು ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಕೂಸುಗಳನ್ನು ಚಾದರದಲ್ಲಿ ಸುತ್ತಿದರು. ನಮ್ಮೂರಿನಲ್ಲಿ ಜೀವ ಇರುವ ಯಾವುದೇ ಆಗಲಿ, ಫೋಟೋದಲ್ಲಿ ಬರುವುದು ಒಂದೇ ಸಲ. ಎರಡನೇ ಸಲ ತೆಗೆದರೆ ಅದು ನಿಂತಿದ್ದ ಜಾಗ ಖಾಲಿ ಬರುತ್ತದೆ, ಮೈಮೇಲಿನದೂ ಕೈಯಲ್ಲಿನದೂ ಸೇರಿ. ಆದ್ದರಿಂದ ಇನ್ನೊಬ್ಬರ ಮದುವೆಯ ಮೂಲೆಯಲ್ಲಿ ಅರ್ಧ ಕಿವಿಯಾಗಿ ಖರ್ಚಾಗಿ ಹೋಗಲು ಯಾರಿಗೂ ಇಷ್ಟವಿಲ್ಲ. ಶಾಲೆಯ ದಾಖಲೆಯಲ್ಲಿ, ರೇಷನ್ ಚೀಟಿಯಲ್ಲಿ ನಾವು ಮುಖವನ್ನು ಬರೆದು ತುಂಬುತ್ತೇವೆ: ಎಡಹುಬ್ಬಿನ ಮೇಲೆ ಮಚ್ಚೆ, ಮೂಗು ಸ್ವಲ್ಪ ಬಲಕ್ಕೆ, ನಗುವಾಗ ಒಂದು ಕಣ್ಣು ಮುಚ್ಚುತ್ತದೆ. ಗಣಪತಸಾನ ಸ್ಟುಡಿಯೋದಲ್ಲಿ ಒಂದು ಬೆಂಚು, ಒಂದು ಕನ್ನಡಿ ಇವೆ. ಮುದುಕರು ಬಂದು ಗಂಟೆಗಟ್ಟಲೆ ಮುಖ ಸರಿಮಾಡಿಕೊಂಡು, "ಇವತ್ತ ಬ್ಯಾಡ ಸಾವಕಾರ, ಕಣ್ಣು ಯಾಕೋ ಬಾಡ್ಯಾವ" ಎಂದು ಎದ್ದು ಹೋಗುತ್ತಾರೆ. ಹೆಚ್ಚಿನವರು ಮದುವೆಯ ದಿನವೇ ಮುಗಿಸಿಬಿಡುತ್ತಾರೆ, ಜೋಡಿಯಾಗಿ ಬರಲಿ ಎಂದು. ಒಂದು ಫೋಟೋದಲ್ಲಿ ಒಂದು ಗಂಡು ಒಂದು ಹೆಣ್ಣು ಬಂದರೆ ಅವರು ಗಂಡ ಹೆಂಡತಿ. ಅದರ ಮೇಲೆ ನಮ್ಮೂರಿನಲ್ಲಿ ಬೇರೆ ಸಾಕ್ಷಿ ಕೇಳುವುದಿಲ್ಲ.

ನನ್ನ ಅವ್ವನದು ಬರಲೇ ಇಲ್ಲ. ಮದುವೆಯ ದಿನ ಅಪ್ಪ "ಆಮ್ಯಾಲ ನೋಡೋಣು" ಅಂದನಂತೆ. ಆಮೇಲೆ ನೋಡಲು ಅವನೇ ಇರಲಿಲ್ಲ. ಅವ್ವ ಕೆಮ್ಮುತ್ತಿದ್ದಳು. "ಈ ಕೆಮ್ಮು ಕಡಿಮಿ ಆಗ್ಲಿ, ಮುಖಕ್ಕ ಒಂದೀಟು ಕಳೆ ಬರ್ಲಿ, ಆವಾಗ ತೆಗಿ" ಅನ್ನುತ್ತಿದ್ದಳು. ಕೆಮ್ಮು ಕಡಿಮೆಯಾಗಲಿಲ್ಲ. ನಮ್ಮ ಮನೆಯ ಗೋಡೆಗೆ ಅವಳೇ ಹೊಡೆದ ಎರಡು ಮೊಳೆ ಇವೆ, ಒಂದು ಅವಳಿಗೆ, ಒಂದು ನನಗೆ. ಎರಡೂ ಬರೀ ಮೊಳೆ.

ನಾನು ಶಾಲೆ ಬಿಟ್ಟದ್ದು ಏಳನೇ ಇಯತ್ತೆಯಲ್ಲಿ. ಕಿಟಕಿಯ ಕಟ್ಟೆಯ ಮೇಲೆ ಒಂದು ಇರುವೆ ಸಾಸಿವೆ ಸಿಪ್ಪೆ ಹೊತ್ತು ಹೊರಟಿತ್ತು. ಒದ್ದೆಯ ಗೆರೆ ಬಂದ ಕೂಡಲೇ ನಿಂತು, ಸಿಪ್ಪೆಯನ್ನು ಕೆಳಗಿಟ್ಟು, ಗೆರೆಯ ಉದ್ದಕ್ಕೂ ಹೋಗಿ ನೋಡಿ ಬಂದು, ಮತ್ತೆ ಸಿಪ್ಪೆ ಎತ್ತಿಕೊಂಡಿತು. "ಇರಿವಿ ನಿನಗ ಮಾರ್ಕ್ ಹಾಕ್ತಾವೇನಲೇ ದಡ್ಡ?" ಎಂದರು ಮಾಸ್ತರರು. ಇಡೀ ಕ್ಲಾಸು ನಕ್ಕಿತು. ಪಾಟಿಚೀಲ ಅಲ್ಲೇ ಬಿಟ್ಟು ಹೊರಗೆ ಬಂದೆ. ಆ ಚೀಲ ಇನ್ನೂ ಅಲ್ಲೇ ಇದ್ದರೂ ಇರಬಹುದು, ನಾನು ಕೇಳಲು ಹೋಗಿಲ್ಲ.

ಗಣಪತಸಾ ಬೆಳಕು ಸೋರುವ ಒಂದು ಹಳೆಯ ಕ್ಯಾಮೆರಾ ಎಸೆಯಲು ಹೊರಟಿದ್ದ. ಅದು ನನ್ನದಾಯಿತು. ನೀರಿನ ಕೆಲಸದವನು ಊರೆಲ್ಲ ಏಳುವ ಮೊದಲೇ ಓಣಿ ಓಣಿ ತಿರುಗುತ್ತಾನೆ. ವಾಲ್ವುಗಳೆಲ್ಲ ಸೋರುತ್ತವೆ. ಸೋರುವ ಕಡೆಯಲ್ಲೆಲ್ಲ ಒಂದೊಂದು ಸಣ್ಣ ಊರು ಇರುತ್ತದೆ. ಪಾಚಿ ತನ್ನ ಕೂದಲಿನಂಥ ಕಡ್ಡಿ ಎತ್ತಿ ಅದರ ತುದಿಯಲ್ಲಿ ಟೋಪಿ ಹಾಕಿಕೊಳ್ಳುತ್ತದೆ. ಕಣಜ ಬಂದು ನೀರು ಕುಡಿಯುವಾಗ ಅದರ ಹೊಟ್ಟೆ ಉಸಿರಾಡುವ ಕೂಸಿನ ಹೊಟ್ಟೆಯಂತೆ ಏರಿಳಿಯುತ್ತದೆ. ನಾನು ಚಾವಿ ತಿರುವಿದರೆ ಬಸವನಹುಳ ಒಂದೇ ಕೊಂಬನ್ನು ಒಳಗೆ ಎಳೆದುಕೊಳ್ಳುತ್ತದೆ, ಇನ್ನೊಂದು ಹೊರಗೇ ಇರುತ್ತದೆ, ನಂಬಲೋ ಬೇಡವೋ ಎನ್ನುವಂತೆ. ದಿನಕ್ಕೆ ಒಂದೇ ಫೋಟೋ ತೆಗೆಯುತ್ತಿದ್ದೆ. ಅವುಗಳಿಗೂ ಒಂದೇ ಸಲ ಅಲ್ಲವೇ, ಸುಮ್ಮನೆ ಕ್ಲಿಕ್ ಅನ್ನಿಸಲು ಮನಸ್ಸು ಬರುವುದಿಲ್ಲ. ಒಮ್ಮೊಮ್ಮೆ ತೊಳೆದ ಫೋಟೋದಲ್ಲಿ ಬಸವನಹುಳವೇ ಇರುತ್ತಿರಲಿಲ್ಲ, ಬರೀ ಕಲ್ಲು ಇರುತ್ತಿತ್ತು. ಆಗ ನನಗೆ ಖುಷಿಯಾಗುತ್ತಿತ್ತು. ಓ, ಇದು ಮೊದಲೇ ಭೇಟಿಯಾದದ್ದು! ಊರಿನಲ್ಲಿ ನನಗೆ ಹಳೆಯ ಪರಿಚಯದವರು ಅಂತ ಇದ್ದದ್ದು ಹೀಗೆ ಫೋಟೋದಲ್ಲಿ ಬಾರದವರೇ.

ಮದುವೆಯ ಮೂರನೇ ದಿನ ಗಣಪತಸಾ ಜೋಡಿಯ ಫೋಟೋ ತೊಳೆದ. ವರ ವಿರೂಪಾಕ್ಷಿ ಪೇಟ ಸುತ್ತಿಕೊಂಡು ನೆಟ್ಟಗೆ ನಿಂತಿದ್ದ. ಪಕ್ಕದಲ್ಲಿ ಗೋಡೆ ಇತ್ತು. ಶಂಕ್ರೆಪ್ಪನ ಮಗಳು ನೀಲಗಂಗಾ ಇರಲಿಲ್ಲ, ಅವಳ ಸೀರೆ ಇರಲಿಲ್ಲ, ಕೊರಳ ಹಾರವೂ ಇರಲಿಲ್ಲ. ಅವಳು ಎರಡು ಕೈಯಲ್ಲಿ ಹಿಡಿದಿದ್ದ ತೆಂಗಿನಕಾಯಿ ಮಾತ್ರ ಗಾಳಿಯಲ್ಲಿತ್ತು.

ಊರು ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಅವಳದು ಮೊದಲೇ ಆಗಿಹೋಗಿದೆ ಎಂದರೆ ಯಾರ ಜೊತೆ? ವರನ ದೊಡ್ಡಮ್ಮ ಕಾಶೀಬಾಯಿ ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತು, "ಯಾವನ ಬಾಜೂಕ ಕುಂತು ಬಂದಾಳೋ ಏನೋ, ಆ ಫೋಟೋ ಸಿಗೂತನಕ ಸೊಸಿ ನಿಮ್ಮ ಮನ್ಯಾಗ ಇರ್ಲಿ" ಎಂದು ಗಾಡಿ ಹತ್ತಿದಳಂತೆ. ಎಂಟು ದಿನದ ಗಡುವು ಕೊಟ್ಟಳು. ಅಷ್ಟರಲ್ಲಿ ಫೋಟೋ ಸಿಕ್ಕದಿದ್ದರೆ, ಅಥವಾ ಅದರಲ್ಲಿ ಇನ್ನೊಬ್ಬ ಇದ್ದರೆ, ಮದುವೆ ಮುರಿದಂತೆ. ಶಂಕ್ರೆಪ್ಪ ಕ್ಯಾಮೆರಾ ಇದ್ದವರ ಮನೆಗಳನ್ನೆಲ್ಲ ಜಾಲಾಡಿದ. ನನ್ನ ಮನೆಗೆ ಮಾತ್ರ ಬರಲಿಲ್ಲ. ಹುಳದ ಫೋಟೋ ತೆಗೆಯುವವನ ಮೇಲೆ ಸಂಶಯ ಪಡುವುದು ಅವನಿಗೆ ಅವಮಾನ.

ಮೊದಲ ಎರಡು ದಿನ ನನಗೆ ಒಳಗೊಳಗೇ ಸಂತೋಷವಾಗಿತ್ತು. ಸುಳ್ಳು ಯಾಕೆ ಹೇಳಲಿ? ಮುನ್ನೂರು ಜನ ಈಗ ಅವನನ್ನು ನೋಡಿ ನಗುತ್ತಿದ್ದರು. ಗಡುವಿನ ಮೂರನೇ ದಿನ ಗಿರಣಿಯ ಹಿಂದಿನ ವಾಲ್ವಿಗೆ ಹೋದೆ. ಅಲ್ಲಿ ಸೋರುವ ನೀರಿಗೆ ಒಂದು ಕೆಸುವಿನ ಗಿಡ ಬೆಳೆದಿದೆ. ನೀಲಗಂಗಾ ಗೋಡೆಯ ಪಕ್ಕ ಕೂತು ಗೋಧಿ ತೊಳೆಯುತ್ತಿದ್ದಳು. ಮುಂದಿನ ಬಾಗಿಲಿಗೆ ಅವಳನ್ನು ಬಿಡುತ್ತಿರಲಿಲ್ಲ ಎಂದು ಕಾಣುತ್ತದೆ. ನಾನು ಅವಳ ಜೊತೆ ಯಾವತ್ತೂ ಮಾತಾಡಿದವನಲ್ಲ. ಅವಳೇ ಮಾತಾಡಿದಳು.

"ನೀರು ಸಣ್ಣಗ ಬಿಡ್ತೀರಲ್ಲ, ಮದುವಿ ದಿನಾನೂ ಹಂಗ ಮಾಡಿದ್ರಿ. ಗೊತ್ತೈತಿ ನನಗ."

"ನಿಮ್ಮಪ್ಪಂದು ಬಾಯಿ ದೊಡ್ಡದು" ಎಂದೆ.

"ಹೌದು, ಗಿರಣಿ ಸಪ್ಪಳದಾಗ ಮಾತಾಡಿ ಮಾತಾಡಿ ಆಗೈತಿ." ಅವಳು ಗೋಧಿಯಿಂದ ಒಂದು ಕಲ್ಲು ಆರಿಸಿ ಎಸೆದಳು. "ನಾ ಯಾರ ಮುಂದೂ ಕುಂತಿಲ್ರೀ. ಅಪ್ಪ ಕೇಳವಲ್ಲ, ಅವ್ವ ಕೇಳವಲ್ಲಳು. ಅವರಿಗೊಬ್ಬರಿಗೆ ಹೇಳಬೇಕಿತ್ತು, ಅವರನ್ನ ಬಿಡವಲ್ಲರು."

"ಯಾರಿಗೆ?"

"ನಮ್ಮವರಿಗೆ." ಇದನ್ನು ಅವಳು ಗೋಧಿಗೆ ಹೇಳಿದಂತೆ ಹೇಳಿದಳು. "ಅವತ್ತ ಕಾಯಿ ಹಿಡಿದು ಹಿಡಿದು ನನ್ನ ಕೈ ನಡಗಾಕತ್ತಿತ್ತು. ಅವರು ಯಾರಿಗೂ ಕಾಣದಂಗ ಕೆಳಗ ಒಂದ ಬೆರಳು ಕೊಟ್ಟಿದ್ರು."

ಸಂಜೆ ಗಣಪತಸಾನ ಗಾಜಿನ ಪೆಟ್ಟಿಗೆಯಲ್ಲಿ ಆ ಫೋಟೋ ನೋಡಿದೆ. ತೆಂಗಿನಕಾಯಿಯ ಅಡಿಯಲ್ಲಿ ವಿರೂಪಾಕ್ಷಿಯ ಒಂದು ಬೆರಳು ಇತ್ತು. ಅವಳೊಬ್ಬಳೇ ಹಿಡಿದಿದ್ದರೆ ಕಾಯಿಯೂ ಅವಳ ಜೊತೆ ಹೋಗುತ್ತಿತ್ತು. ಇಡೀ ಊರು ಆ ಫೋಟೋ ನೋಡಿ ಥೂ ಎಂದಿತ್ತು, ಆ ಬೆರಳನ್ನು ಒಬ್ಬರೂ ನೋಡಿರಲಿಲ್ಲ. ಕಣ್ಣು ಇಟ್ಟುಕೊಂಡು ಏನು ಮಾಡುತ್ತಾರೆ ಈ ಜನ?

ಹೀಗೆ ಬೈದುಕೊಂಡು ಮನೆಗೆ ಬರುವಾಗ ದಾರಿಯಲ್ಲಿ ಆ ಕೆಸುವಿನ ಗಿಡ ನೆನಪಾಯಿತು. ಕಾಲು ಅಲ್ಲೇ ನಿಂತಿತು.

ಹೊಳೆಯುವುದನ್ನು ತೆಗೆಯಬಾರದು ಎಂದು ಗಣಪತಸಾ ಮೊದಲ ದಿನವೇ ಹೇಳಿಕೊಟ್ಟಿದ್ದ. ಹನಿ, ಕನ್ನಡಿ, ಕಪ್ಪೆಯ ಕಣ್ಣು, ಇವೆಲ್ಲ ತೆಗೆಯುವವನನ್ನೇ ತೋರಿಸಿಬಿಡುತ್ತವೆ, ನಿನ್ನದು ಖರ್ಚಾಗಿ ಹೋಗುತ್ತದೆ ಎಂದಿದ್ದ. ಹತ್ತು ವರ್ಷ ನಾನು ಹನಿಗಳನ್ನು ಬರೀ ಕಣ್ಣಿನಲ್ಲಿ ನೋಡಿದೆ. ಆದರೆ ಕಳೆದ ಚಳಿಗಾಲದಲ್ಲಿ, ಅವ್ವ ಹೋಗಿ ವರ್ಷ ತುಂಬಿದ ಬೆಳಿಗ್ಗೆ, ಆ ಕೆಸುವಿನ ಎಲೆಯ ನಡುವೆ ಒಂದು ಹನಿ ಕೂತಿತ್ತು. ಬಟಾಣಿಕಾಳಿನಷ್ಟು ದೊಡ್ಡದು, ಎಲೆಗೆ ಅಂಟಿಕೊಳ್ಳದೆ ನಡುಗುತ್ತಿತ್ತು. ಅದರೊಳಗೆ ಇಡೀ ಆಕಾಶ ತಲೆಕೆಳಗಾಗಿತ್ತು. ನನಗೆ ಯಾಕೋ ಸಿಟ್ಟು ಬಂತು. ಖರ್ಚಾದರೆ ಆಗಲಿ, ನನ್ನ ಮುಖ ಯಾರ ಗೋಡೆಗೆ ಬೇಕಾಗಿದೆ ಎಂದು ತೆಗೆದುಬಿಟ್ಟೆ. ಫೋಟೋದಲ್ಲಿ ಹನಿಯ ನಡುವೆ ಒಂದು ಕಪ್ಪು ಚುಕ್ಕೆ ಕಂಡಿತು. ಅದೇ ನಾನು ಎಂದುಕೊಂಡು ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಮೊಳೆಗೆ ಹಾಕಲಿಲ್ಲ.

ಈಗ ಅದನ್ನು ತೆಗೆದು ಬಾಗಿಲ ಬೆಳಕಿನಲ್ಲಿ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಚುಕ್ಕೆ ಒಂದಲ್ಲ, ಎರಡು. ತಲೆಕೆಳಗಾಗಿ ನಾನು ಮಂಡಿಯೂರಿ ಕೂತಿದ್ದೆ, ಕಣ್ಣಿಗೆ ಕ್ಯಾಮೆರಾ ಇತ್ತು. ನನ್ನ ಹೆಗಲ ಹಿಂದೆ, ಸೊಂಟದಲ್ಲಿ ಕೊಡ ಇಟ್ಟುಕೊಂಡು, ಬಗ್ಗಿ ನಿಂತಿದ್ದಳು ನೀಲಗಂಗಾ. ನಾನು ಏನು ನೋಡುತ್ತಿದ್ದೇನೆ ಎಂದು ಅವಳೂ ನೋಡುತ್ತಿದ್ದಳು. ಉಸಿರು ತಾಗಿದರೆ ಹನಿ ಉರುಳೀತು ಎಂದೋ ಏನೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ನಾನು ಹೊಸ್ತಿಲ ಮೇಲೆ ಕೂತೆ. ಕಣಜದ ಹೊಟ್ಟೆ ಕಂಡವನು ನಾನು, ಬಸವನಹುಳದ ಒಂದು ಕೊಂಬು ಕಂಡವನು. ಹತ್ತು ವರ್ಷದಲ್ಲಿ ಒಂದೇ ಒಂದು ಸಲ ಒಬ್ಬರು ನನ್ನ ಹಿಂದೆ ನಿಂತು ನಾನು ನೋಡಿದ್ದನ್ನೇ ನೋಡಿದ್ದರು. ಅದು ನನಗೆ ಕಂಡಿರಲಿಲ್ಲ.

ಆಮೇಲೆ ಬಂದ ಯೋಚನೆಯನ್ನೂ ಹೇಳಿಬಿಡುತ್ತೇನೆ. ಈ ಫೋಟೋ ಹೀಗೇ ಒಯ್ದು ಶಂಕ್ರೆಪ್ಪನ ಮುಂದೆ ಇಟ್ಟರೆ ಮುಗಿಯಿತು. ಒಂದು ಗಂಡು, ಒಂದು ಹೆಣ್ಣು, ಒಂದು ಫೋಟೋ. ಊರಿನ ಲೆಕ್ಕದಲ್ಲಿ ಅವಳು ನನ್ನ ಹೆಂಡತಿ. ಹುಳದವನಿಗೆ ಮಗಳನ್ನು ಕೊಟ್ಟ ಗಿರಣಿ ಶಂಕ್ರೆಪ್ಪ! ಮುನ್ನೂರು ಜನರ ಮುಂದೆ ಅವನ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡು ಒಬ್ಬನೇ ನಕ್ಕೆ. ಗೋಡೆಯ ಮೊಳೆ ನೋಡಿದೆ, ಅದರ ಮೇಲೆ ಆ ಫೋಟೋ ಇಟ್ಟೂ ನೋಡಿದೆ. ಸರಿಯಾಗಿ ಕೂತಿತು. ಮೂರು ದಿನ ಅಲ್ಲೇ ಇತ್ತು. ಮೂರು ದಿನ ನೀರು ಬಿಟ್ಟು ಬಂದು ಚಹಾ ಕುಡಿಯುತ್ತ ಅದರ ಮುಂದೆ ಕೂತೆ. ಮನೆಯಲ್ಲಿ ಯಾರೋ ಇದ್ದಂತೆ ಅನ್ನಿಸುತ್ತಿತ್ತು. ಆದರೆ ಕೂತಷ್ಟು ಹೊತ್ತೂ ಕಣ್ಣಿಗೆ ಬರುತ್ತಿದ್ದದ್ದು ತೆಂಗಿನಕಾಯಿಯ ಕೆಳಗಿನ ಆ ಬೆರಳು. ಅಂಥದ್ದನ್ನೆಲ್ಲ ಕಾಣುವ ಈ ಕಣ್ಣನ್ನು ಕಿತ್ತು ಎಸೆಯಬೇಕು ಅನ್ನಿಸಿತು.

ಏಳನೇ ದಿನ ಮಧ್ಯಾಹ್ನ ನೆಗೆಟಿವ್ ತೆಗೆದುಕೊಂಡು ಗಣಪತಸಾನ ಹತ್ತಿರ ಹೋದೆ. ಅವನು ಕನ್ನಡಕದ ಮೇಲೆ ಇನ್ನೊಂದು ಗಾಜು ಇಟ್ಟುಕೊಂಡು ಬಹಳ ಹೊತ್ತು ನೋಡಿದ.

"ಎವ್ವಾ, ಇದು ಆಕಿ! ಮುಂದ ಇರಾಂವ ನೀನಲ್ಲೇನಲೇ?"

"ಅದನ್ನ ಕೆರಿಯೂದೈತಿ. ಸೂಜಿ ಕೊಡ್ರಿ."

"ಹುಚ್ಚಗಿಚ್ಚ ಹಿಡದೈತೇನು? ಇದು ಒಂದ ಐತಿ ನಿಂದು. ಕೆರದ ಮ್ಯಾಲ ನಾಳೆ ನಾ ನಿನ್ನ ರಾಜನಂಗ ಕುಂದರಿಸಿ ತೆಗದರೂ ಖುರ್ಚಿ ಅಷ್ಟ ಬರ್ತೈತಿ. ಸತ್ತ ಮ್ಯಾಲ ಹೂವು ಎದಕ್ಕ ಹಾಕ್ತಾರ?"

"ಯಾರು ಹಾಕಾವರು ಅದಾರ?"

ಅವನು ಕನ್ನಡಕದ ಮೇಲಿನ ಗಾಜು ತೆಗೆದಿಟ್ಟ. ಡ್ರಾಯರಿನಿಂದ ಕಣ್ಣಿನ ರೆಪ್ಪೆಯಷ್ಟು ಸಣ್ಣ ಸೂಜಿ ತೆಗೆದು ಕೊಟ್ಟ. "ಉಸುರು ಹಿಡಿ. ಕೈ ಅಲಗಿತಂದ್ರ ಆಕೀನೂ ಹೋಗ್ತಾಳ" ಎಂದು, ತಾನು ಬಾಗಿಲ ಕಡೆ ಮುಖ ಮಾಡಿ ಕೂತ.

ಮೊದಲು ಕ್ಯಾಮೆರಾ ಹೋಯಿತು. ಆಮೇಲೆ ಕೈ. ಮುಖ ಕೆರೆಯುವಾಗ ನೋಡಿಕೊಂಡೆ, ನಾನು ನೋಡಲು ಅವ್ವನ ಹಾಗೇ ಇದ್ದೆ. ಹುಬ್ಬು ಅವಳದೇ. ಅದೊಂದನ್ನು ತಿಳಿದುಕೊಂಡು ಕೆರೆದೆ. ಹೆಗಲು ಕೊನೆಗೆ. ಅದು ಅವಳ ಕೊಡಕ್ಕೆ ತಾಗಿತ್ತು, ಅಲ್ಲಿ ಬಹಳ ಹೊತ್ತು ಹಿಡಿಯಿತು.

ಎಂಟನೇ ದಿನ ಬೆಳಿಗ್ಗೆ ಗಿರಣಿಯ ಮುಂದೆ ಕಾಶೀಬಾಯಿಯ ಗಾಡಿ ನಿಂತಿತ್ತು. ವಿರೂಪಾಕ್ಷಿಯೂ ಬಂದಿದ್ದ. ಗೋಡೆಗೆ ಒರಗಿ ಚಪ್ಪಲಿಯ ತುದಿಯಿಂದ ನೆಲ ಕೆದರುತ್ತಿದ್ದ. ಓಣಿಯವರೆಲ್ಲ ಹಿಟ್ಟು ಬೀಸಿಸುವ ನೆವದಲ್ಲಿ ಡಬ್ಬಿ ಹಿಡಿದು ನೆರೆದಿದ್ದರು, ಗಿರಣಿ ಮಾತ್ರ ಬಂದ್ ಆಗಿತ್ತು. ನಾನು ಚಾವಿಯನ್ನು ಗೋಡೆಗೆ ಒರಗಿಸಿ ಫೋಟೋವನ್ನೂ ಭೂತಗನ್ನಡಿಯನ್ನೂ ಶಂಕ್ರೆಪ್ಪನ ಕೈಗೆ ಕೊಟ್ಟೆ.

"ನಿಮ್ಮ ಮಗಳು ಇಲ್ಲಿ ಅದಾಳ. ಹನಿಯೊಳಗ. ನೀರಿಗೆ ಬಂದಾಗ ಬಂದೈತಿ. ಆಕಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ."

ಅವನು ನೋಡಿದ. ಫೋಟೋ ತಿರುಗಿಸಿ ಮತ್ತೆ ನೋಡಿದ. ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ಲೇ ಹಲ್ಕಾ! ನನ್ನ ಮಗಳ ಜೀವಮಾನದ ಫೋಟೋ, ಸಾಸಿವಿಕಾಳಿನಷ್ಟು! ಅದೂ ತಲಿಕೆಳಗ! ಒಂದು ಮನುಷ್ಯಾ ಹಿಂದ ನಿಂತದ್ದು ಕಾಣದಾಂವ, ಏನ್ ಕಿಸಿಯಾಕ ಡಬ್ಬಿ ಹಿಡ್ಕೊಂಡ ಅಡ್ಯಾಡ್ತಿ? ಕುರುಡ! ಶಾಲೀ ಬಿಟ್ಟ ಹುಳ!"

ಜನ ನಕ್ಕರು. ಆವತ್ತಿನ ಜೀರುಂಡೆಯೂ ಇದ್ದ, ಜೀರ್ ಎಂದ. ಬೇರೆ ದಿನವಾಗಿದ್ದರೆ ಅವನ ಹಲ್ಲು ಉದುರಿಸುತ್ತಿದ್ದೆ. ಆದರೆ ಶಂಕ್ರೆಪ್ಪ ಹೇಳಿದ್ದರಲ್ಲಿ ಒಂದು ಮಾತು ನಿಜವಾಗಿತ್ತು: ಹಿಂದೆ ನಿಂತವಳು ನನಗೆ ಕಂಡಿರಲಿಲ್ಲ.

ಕಾಶೀಬಾಯಿ ಫೋಟೋ ಕಸಿದುಕೊಂಡಳು. ಗಾಜು ಹತ್ತಿರ ಒಯ್ದಳು, ದೂರ ಹಿಡಿದಳು. "ಹೌದವ್ವಾ, ಆಕೀನ. ಕೊಡ ಐತಿ. ಬಾಯಿಗೆ ಸೆರಗು ಹಿಡಕೊಂಡಾಳ." ಇನ್ನೊಮ್ಮೆ ಮೂಲೆ ಮೂಲೆ ಹುಡುಕಿದಳು. "ಒಬ್ಬಾಕಿನ ಅದಾಳ. ಮತ್ತ ಯಾರೂ ಇಲ್ಲ."

ಗಿರಣಿಯ ಮುಂದೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ವಿರೂಪಾಕ್ಷಿ ಫೋಟೋ, ಗಾಜು ಎರಡನ್ನೂ ಇಸಿದುಕೊಂಡು ನೋಡಿ ನಕ್ಕ. "ದೊಡ್ಡವ್ವಾ, ಮದುವಿ ಫೋಟೋದಾಗ ಹಿಂಗ ಬರ್ತಿರಲಿಲ್ಲ ನೋಡು" ಎಂದ. ಅವನ ಬೆರಳು ನೋಡಿದೆ. ಅದೇ ಬೆರಳು. ಕಾಶೀಬಾಯಿ, "ನಡೀರಿ ನಡೀರಿ, ಹೊತ್ತು ಮೀರೂದ್ರಾಗ ಸೊಸೀನ ಕರಕೊಂಡು ಹೊಂಟೇವಿ, ಬಾಯಿ ಸಿಹಿ ಮಾಡ್ರಿ" ಎಂದಳು. ಒಳಗೆ ಬೆಲ್ಲದ ಡಬ್ಬಿ ಹುಡುಕುವ ಸದ್ದಾಯಿತು. ಶಂಕ್ರೆಪ್ಪ ಇನ್ನೂ ನನಗೇ ಬೈಯುತ್ತಿದ್ದ, ಆದರೆ ಈಗ ಅವನ ಕಣ್ಣಿನಲ್ಲಿ ನೀರಿತ್ತು. ಯಾರೋ ಗಿರಣಿ ಚಾಲೂ ಮಾಡಿದರು.

ಆ ಗದ್ದಲದಲ್ಲಿ ನೀಲಗಂಗಾ ಬಾಗಿಲಿಗೆ ಬಂದಳು. ಗಂಡನ ಕೈಯಿಂದ ಫೋಟೋ ತೆಗೆದುಕೊಂಡು, ಬೆಳಕು ಸರಿಯಿಲ್ಲ ಎಂಬಂತೆ ನಾಲ್ಕು ಹೆಜ್ಜೆ ಈಚೆ ಬಂದು, ನಾನು ನಿಂತ ಗೋಡೆಯ ಹತ್ತಿರ ಗಾಜು ಹಿಡಿದು ನೋಡಿದಳು. ಮೊದಲು ತನ್ನನ್ನು ನೋಡಿಕೊಂಡಳು, ತುಟಿಯ ತುದಿ ಸ್ವಲ್ಪ ಮೇಲೆ ಹೋಯಿತು. ಆಮೇಲೆ ಗಾಜು ಒಂದು ಕೂದಲಿನಷ್ಟು ಮುಂದೆ ಸರಿಯಿತು. ಅಲ್ಲಿ ನಿಂತಿತು. ಎಲ್ಲರಿಗೂ ಅದು ಎಲೆಯ ನೆರಳಿನಂತೆ ಕಂಡಿತ್ತು, ಒಂದು ಕಪ್ಪು ಮಚ್ಚೆ, ಅಷ್ಟೇ. ಆದರೆ ಆ ಬೆಳಿಗ್ಗೆ ಅಲ್ಲಿ ನಿಂತಿದ್ದವಳು ಅವಳು. ಹನಿಗೂ ತನಗೂ ನಡುವೆ ಏನಿತ್ತು ಎಂದು ಅವಳಿಗೆ ಗೊತ್ತು.

ಅವಳು ತಲೆ ಎತ್ತಿದಳು. ಗಿರಣಿಯ ಸದ್ದಿನಲ್ಲಿ ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ನಿಮ್ಮದೆಲ್ಲಿ?"

ಕೆಳಗಿನ ಓಣಿಗೆ ನೀರು ಬಿಡುವ ಹೊತ್ತಾಗಿತ್ತು. ಗೋಡೆಗೆ ಒರಗಿಸಿದ್ದ ಚಾವಿ ತೆಗೆದು ಹೆಗಲ ಮೇಲೆ ಇಟ್ಟುಕೊಂಡು ನಾನು ನಡೆದೆ.